ಕುರ್ಚಿಯ ಹಿಂದೆ ನಿಂತವರು

ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ತಿನ್ನಲು ಹೋದವನಿಗೆ ಏನಾದರೊಂದು ಆಗದೆ ಇರುವುದಿಲ್ಲ. ಕಾರಣ ದೋಸೆಯಲ್ಲ, ಕುರ್ಚಿ. ನಾವು ಹೋಗುವ ಹೋಟೆಲಿನಲ್ಲಿ ಕುರ್ಚಿ ಇಪ್ಪತ್ತು, ಜನ ಎಂಬತ್ತು. ಸಾಲಿನಲ್ಲಿ ನಿಲ್ಲುವ ಪದ್ಧತಿ ಇಲ್ಲ. ತಿನ್ನುತ್ತಿರುವ ಒಬ್ಬನನ್ನು ಆರಿಸಿಕೊಂಡು ಅವನ ಕುರ್ಚಿಯ ಹಿಂದೆ ಹೋಗಿ ನಿಲ್ಲಬೇಕು. ಅವನು ಎದ್ದರೆ ಕುರ್ಚಿ ನಿಮ್ಮದು. ನೀವು ಕೂತ ಕೂಡಲೇ ನಿಮ್ಮ ಹಿಂದೆ ಇನ್ನೊಬ್ಬ. ಹೀಗೆ ಊರಿನ ಪ್ರತಿಯೊಬ್ಬ ಗಂಡಸೂ ವಾರಕ್ಕೆ ಕಾಲು ಗಂಟೆ ಇನ್ನೊಬ್ಬನ ಬೋಳು ನೆತ್ತಿ ನೋಡುತ್ತಾ ಕಳೆಯುತ್ತಾನೆ, ಇನ್ನು ಕಾಲು ಗಂಟೆ ತನ್ನದನ್ನು ತೋರಿಸುತ್ತಾ.

ನಾವು ಮೂವರು. ಒಂದೇ ಕಾಲೇಜಿನಲ್ಲಿ ಓದಿದವರು. ಒಬ್ಬ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತನಾದ. ಈಗಲೂ ಮ್ಯಾನೇಜರ್ ಎಂದೇ ಕರೆಯಬೇಕು, ಇಲ್ಲದಿದ್ದರೆ ತಿರುಗಿ ನೋಡುವುದಿಲ್ಲ. ಇನ್ನೊಬ್ಬ ರೈತರ ಮೆಕ್ಕೆಜೋಳವನ್ನು ಕಮಿಷನ್ನಿಗೆ ಮಾರಿಸಿಕೊಡುವ ಅಡತಿ ಅಂಗಡಿಯ ಸಾಹುಕಾರ. ನಾನು ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ಎಷ್ಟೋ ವರ್ಷಗಳಿಂದ ಭಾನುವಾರದ ದೋಸೆಯನ್ನು ಒಟ್ಟಿಗೆ ತಿನ್ನುತ್ತಿದ್ದೇವೆ. ಗಾಢವಾದ ಸ್ನೇಹ ಎಂದು ಜನ ಹೇಳುತ್ತಾರೆ. ಮೂರು ಕುರ್ಚಿ ಒಂದೇ ಮೇಜಿನಲ್ಲಿ ಸಿಕ್ಕಿದ್ದು ನನ್ನ ನೆನಪಿನಲ್ಲಿ ಎರಡೇ ಸಲ.

೧. ಚಟ್ನಿ ಶಾಸ್ತ್ರ

ಮ್ಯಾನೇಜರ್ ಸಿಕ್ಕಸಿಕ್ಕವರ ಹಿಂದೆ ನಿಲ್ಲುವವನಲ್ಲ. ಬಾಗಿಲಲ್ಲೇ ನಿಂತು ಇಡೀ ಹೋಟೆಲನ್ನು ಒಮ್ಮೆ ನೋಡುತ್ತಾನೆ. ಯಾರು ಯಾವಾಗ ಏಳುತ್ತಾರೆ ಎಂಬುದಕ್ಕೆ ಅವನಲ್ಲಿ ಒಂದು ಶಾಸ್ತ್ರವಿದೆ.

"ಮುಖ ನೋಡಬ್ಯಾಡ, ಚಟ್ನಿ ನೋಡು," ಎಂದ ಒಂದು ಸಲ. "ಎರಡನೇ ಸಲ ಚಟ್ನಿ ಹಾಕಿಸ್ಕೊಂಡ ಅಂದ್ರೆ ಇನ್ನೊಂದು ದೋಸೆ ಹೇಳ್ತಾನೆ ಅಂತ ಲೆಕ್ಕ. ಅವನ ಹಿಂದೆ ನಿಂತ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ಕುರ್ಚಿ ಸಿಗತೈತೆ."

"ಆ ಮೂಲೇಲಿ ಗಂಡ ಹೆಂಡ್ತಿ ಅದಾರಲ್ಲ?"

"ಮಾತಾಡ್ದೆ ತಿಂತಿದ್ರೆ ಹೋಗಿ ನಿಂದ್ರು. ಐದು ನಿಮಿಷಕ್ಕೆ ಏಳ್ತಾರೆ."

"ಮಾತಾಡ್ಕೊಂಡು ನಕ್ಕೊಂಡು ತಿಂತಿದಾರೆ."

"ಹಂಗಾದ್ರೆ ಅವರು ಗಂಡ ಹೆಂಡ್ತಿ ಅಲ್ಲ. ಅಲ್ಲಿ ಹೋಗಬ್ಯಾಡ."

ನಾನು ಇಂಥದ್ದನ್ನು ಸುಮ್ಮನೆ ನಂಬುವವನಲ್ಲ. ಎಂಟು ಭಾನುವಾರ ಅವನ ಭವಿಷ್ಯವನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೆ. ಅರ್ಧ ನಿಜವಾಯಿತು, ಅರ್ಧ ಸುಳ್ಳಾಯಿತು. "ನಾಣ್ಯ ಚಿಮ್ಮಿದರೂ ಇಷ್ಟೇ ಬರುತ್ತೆ," ಎಂದು ಚೀಟಿ ತೋರಿಸಿದೆ.

"ನಾಣ್ಯ ಹೋಗಿ ಕುರ್ಚಿ ಹಿಂದೆ ನಿಂದ್ರತೈತೇನಪ್ಪ?" ಎಂದ.

ಅವನು ಇದನ್ನು ಹೇಳಿದ್ದು ಕೂತುಕೊಂಡು. ನಾನು ಕೇಳಿಸಿಕೊಂಡಿದ್ದು ನಿಂತುಕೊಂಡು.

೨. ಮೈಸೂರಿನ ಅತಿಥಿ

ಮೈಸೂರಿನಿಂದ ನನ್ನ ಸಹಪಾಠಿಯೊಬ್ಬ ಬಂದಿದ್ದ. ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದವನು, ಬಹಳ ಸಭ್ಯ. ದೋಸೆ ತಿನ್ನಿಸದೆ ಕಳಿಸಿದರೆ ಊರಿಗೇ ಅವಮಾನ ಎಂದು ಕರೆದುಕೊಂಡು ಹೋದೆ. ಇಪ್ಪತ್ತು ನಿಮಿಷ ನಿಂತು ಅವನಿಗೊಂದು ಕುರ್ಚಿ ಗಿಟ್ಟಿಸಿ, ನಾನು ಗೋಡೆಗೆ ಒರಗಿ ನಿಂತೆ. ದೋಸೆ ಬಂತು. ಅಷ್ಟರಲ್ಲಿ ಲಾರಿ ಡ್ರೈವರ್ ಒಬ್ಬ ಬಂದು ಅವನ ಬೆನ್ನಿಗೆ ಹತ್ತಿ ನಿಂತ.

ನನ್ನ ಸಹಪಾಠಿ ಎರಡು ಸಲ ತಿರುಗಿ ನೋಡಿ ಮುಗುಳ್ನಕ್ಕ. ಡ್ರೈವರ್ ನಗಲಿಲ್ಲ. ಎಲ್ಲೋ ಪರಿಚಯವಿದ್ದವರು, ತನಗೇ ಗುರುತು ಸಿಗುತ್ತಿಲ್ಲ ಎಂದುಕೊಂಡ ಇವನು ನಮಸ್ಕಾರ ಎಂದು ಎದ್ದು ನಿಂತ.

ಡ್ರೈವರ್ ನಮಸ್ಕಾರ ಎಂದು ಕೂತ.

೩. ಯಾರೂ ನಿಲ್ಲದ ಹೋಟೆಲು

ಸಾಹುಕಾರನಿಗೆ ಇದೆಲ್ಲ ಸರಿಬರುವುದಿಲ್ಲ. "ಇಡೀ ಮಂಡಿಪೇಟೆ ನನ್ನ ಮುಂದೆ ನಿಂದ್ರತೈತೆ. ನಾನು ಯಾವನದೋ ಬೆನ್ನ ಹಿಂದೆ ನಿಂದ್ರಬೇಕಾ?" ಎಂದು ಒಂದು ಭಾನುವಾರ ನಮ್ಮಿಬ್ಬರನ್ನೂ ಕಾರಿಗೆ ಹತ್ತಿಸಿ ಬೈಪಾಸಿನ ಹೊಸ ಎ.ಸಿ. ಹೋಟೆಲಿಗೆ ಕರೆದೊಯ್ದ.

ಅಲ್ಲಿ ಕುರ್ಚಿ ನೂರು, ಜನ ನಾವು ಮೂವರು. ಮೆನು ಮದುವೆಯ ಆಲ್ಬಮ್ಮಿನಷ್ಟು ದಪ್ಪ. ಟೈ ಕಟ್ಟಿದವನು ಬಂದು ಇಂಗ್ಲಿಷಿನಲ್ಲಿ ವಿಚಾರಿಸಿಕೊಂಡ. ದೋಸೆ ಟೋಪಿಯ ಆಕಾರದಲ್ಲಿ ಬಂತು. ಬೆಣ್ಣೆ ಬೇರೆ ಬಟ್ಟಲಲ್ಲಿ, ಕಣ್ಣಿಗೆ ಹಾಕುವ ಮುಲಾಮಿನಷ್ಟು.

ಸಾಹುಕಾರ ಎರಡು ತುತ್ತು ತಿಂದು ಹಿಂದೆ ತಿರುಗಿ ನೋಡಿದ. ಮತ್ತೊಂದು ತುತ್ತು ತಿಂದು ಮತ್ತೆ ತಿರುಗಿದ.

"ಯಾರನ್ನ ನೋಡ್ತೀ?" ಎಂದ ಮ್ಯಾನೇಜರ್.

"ಯಾರೂ ಇಲ್ಲ."

"ಯಾರೂ ಇರಬಾರ್ದು ಅಂತಾನೆ ಬಂದ್ವಲ್ಲೋ."

"ಅಲ್ಲಪ್ಪ, ನಾವು ಯಾವಾಗ ಏಳ್ತೀವಿ ಅಂತ ಒಬ್ಬನೂ ಕಾಯ್ತಿಲ್ಲ ಅಂದ್ರೆ, ಇಲ್ಲಿ ತಿನ್ನೋ ಅಂಥದ್ದು ಏನೂ ಇಲ್ಲ ಅಂತ ಅಲ್ಲೇನು?"

ಅವನಿಂದ ನಾನು ಕೇಳಿದ ಒಂದೇ ಒಂದು ಅರ್ಥಶಾಸ್ತ್ರದ ಮಾತು ಅದು. ಅರ್ಧಕ್ಕೆ ಎದ್ದು ಬಂದೆವು. ದಾರಿಯಲ್ಲಿ ಗಾಡಿಯೊಂದರ ಮುಂದೆ ನಿಂತು ಮಂಡಕ್ಕಿ, ಮಿರ್ಚಿ ತಿಂದೆವು. ಅಲ್ಲಿ ಕುರ್ಚಿಯೇ ಇರಲಿಲ್ಲ. ಹಾಗಾಗಿ ಮೂವರೂ ಒಟ್ಟಿಗೆ ತಿಂದೆವು.

೪. ಬೇಗ ಬಂದ ರೈಲು

ಮ್ಯಾನೇಜರ್ ತನ್ನ ಜೀವಮಾನದ ಗೆಲುವು ಎಂದು ಆರು ವಾರ ಹೇಳಿಕೊಂಡು ತಿರುಗಿದ್ದು ಇದನ್ನು.

ಅಂದು ಅವನ ಶಾಸ್ತ್ರ ಕೈಕೊಟ್ಟಿತ್ತು. ಅವನು ಆರಿಸಿಕೊಂಡ ಮನುಷ್ಯ ದೋಸೆಯನ್ನು ಉಗುರಿನಷ್ಟುದ್ದ ಹರಿದು, ಬೆಣ್ಣೆಗೆ ಒತ್ತಿ, ಪಲ್ಯಕ್ಕೆ ಮುಟ್ಟಿಸಿ, ನಿಧಾನಕ್ಕೆ ತಿನ್ನುತ್ತಿದ್ದ. ನಮಗೆ ಕಾಣುತ್ತಿದ್ದದ್ದು ಅವನ ನೆತ್ತಿ ಮಾತ್ರ. ನೆತ್ತಿಯ ನಡುವೆ ಗೋಲಿಯಷ್ಟು ದೊಡ್ಡ ಮಚ್ಚೆ. ಹತ್ತು ನಿಮಿಷ ಆ ಮಚ್ಚೆಯನ್ನೇ ನೋಡಿದೆವು.

ಮ್ಯಾನೇಜರ್ ಕೆಮ್ಮಿದ. ಅವನದು ಮಾಮೂಲಿ ಕೆಮ್ಮಲ್ಲ. ಮೊದಲು ಗಂಟಲಲ್ಲಿ ಎರಡು ಸಣ್ಣವು, ಆಮೇಲೆ ಎದೆಯಿಂದ ಒಂದು ದೊಡ್ಡದು. ಬ್ಯಾಂಕಿನಲ್ಲಿ ಇದಕ್ಕೆ ಇಡೀ ಕೌಂಟರ್ ಎದ್ದು ನಿಲ್ಲುತ್ತಿತ್ತಂತೆ. ಈ ಮನುಷ್ಯ ಅಲುಗಲಿಲ್ಲ.

ಮೇಲಿನಿಂದ ನೋಡಿದರೆ ಅವನ ಅಂಗಿಯ ಜೇಬಿನಲ್ಲಿ ಹರಿಹರದ ರೈಲು ಟಿಕೇಟು ಇಣುಕುತ್ತಿತ್ತು. ಮ್ಯಾನೇಜರ್ ಅದನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಗಟ್ಟಿಯಾಗಿ, "ಮೇಷ್ಟ್ರೆ, ಹರಿಹರದ ರೈಲು ಇವತ್ತು ಇಪ್ಪತ್ತು ನಿಮಿಷ ಮುಂಚೇನೇ ಬರ್ತೈತಂತೆ," ಎಂದ.

ರೈಲು ಮುಂಚೆ ಬರುತ್ತದೆ ಎಂದು ನಂಬುವ ಮನುಷ್ಯ ಇಡೀ ಜಿಲ್ಲೆಗೆ ಒಬ್ಬನೇ ಇದ್ದಿರಬೇಕು. ಅವನು ಆ ಕುರ್ಚಿಯಲ್ಲಿ ಕೂತಿದ್ದ. ಗಡಿಯಾರ ನೋಡಿಕೊಂಡು, ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು, ಯಾರ ಮುಖವನ್ನೂ ನೋಡದೆ ಓಡಿದ.

ನಾನು ಆ ಸುಳ್ಳಿಗೆ ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಪಕ್ಕದ ಕುರ್ಚಿಯವನೂ ಹರಿಹರದವನಿರಬಹುದೆಂಬ ಸಣ್ಣ ಆಸೆ ನನಗಿತ್ತು.

೫. ಹರಿಹರದಲ್ಲಿ ಒಂದು ಕೆಮ್ಮು

ಮ್ಯಾನೇಜರನ ಒಬ್ಬಳೇ ಮಗಳು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅದೇ ಕಾಲೇಜಿನಲ್ಲಿ ಪಾಠ ಮಾಡುವ ಹರಿಹರದ ಹುಡುಗನನ್ನು ಒಪ್ಪಿದ್ದಳು. ಅವನೂ ಒಪ್ಪಿದ್ದ. ಜಾತಕ ಗೀತಕ ಎಲ್ಲ ಮುಗಿದು, ಹಿರಿಯರು ಕೂತು ಮಾತಾಡುವುದೊಂದು ಬಾಕಿ. ಮ್ಯಾನೇಜರ್ ವಾರದಿಂದ ನಿದ್ದೆ ಮಾಡಿರಲಿಲ್ಲ. "ಏನಾದ್ರೂ ಎಡವಟ್ಟಾದ್ರೆ ನನ್ನ ಮಗಳು ನನ್ನ ಮುಖ ನೋಡಲ್ಲಪ್ಪ," ಎನ್ನುತ್ತಿದ್ದ. ಧೈರ್ಯಕ್ಕೆ ನಮ್ಮಿಬ್ಬರನ್ನೂ ಕರೆದುಕೊಂಡ. ಧೈರ್ಯಕ್ಕೆ ಎಂಥವರನ್ನು ಕರೆಯಬೇಕೆಂಬ ಶಾಸ್ತ್ರ ಅವನಲ್ಲಿಲ್ಲ.

ಹುಡುಗನ ತಂದೆ ಗುತ್ತೂರಿನ ಕಡೆಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಒಳ್ಳೆಯ ಮನುಷ್ಯ. "ಬರ್ರಿ, ಕೂಡ್ರಿ," ಎಂದು ಬಾಗಿಲಿಗೇ ಬಂದು ಕರೆದರು. ಒಗ್ಗರಣೆ ಮಂಡಕ್ಕಿ ಬಂತು. ಮಾತು ಮುಹೂರ್ತದವರೆಗೂ ಸಲೀಸಾಗಿ ಹೋಯಿತು. ತಟ್ಟೆ ನೀಡಲು ಅವರು ಬಗ್ಗಿದಾಗ ನನಗೆ ನೆತ್ತಿ ಕಂಡಿತು. ನೆತ್ತಿಯ ನಡುವೆ ಗೋಲಿಯಷ್ಟು ಮಚ್ಚೆ.

ಹೆದರುವ ಕಾರಣವಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವರು ಅಂದು ಯಾರ ಮುಖವನ್ನೂ ನೋಡಿರಲಿಲ್ಲ. ಆದರೆ ಮ್ಯಾನೇಜರ್ ಅಷ್ಟು ಹೊತ್ತಿಗೆ ಗೋಡೆಯ ಮೇಲಿನ ಫೋಟೊ ನೋಡಲು ಎದ್ದಿದ್ದ. ಫೋಟೊ ಇದ್ದದ್ದು ಅವರ ಕುರ್ಚಿಯ ಹಿಂದೆ. ಅಲ್ಲಿ ನಿಂತು, ಒಗ್ಗರಣೆಯ ಖಾರ ಗಂಟಲಿಗೆ ಹತ್ತಿತೋ ಏನೋ, ಕೆಮ್ಮಿದ. ಎರಡು ಸಣ್ಣವು, ಒಂದು ದೊಡ್ಡದು.

ಫೋರ್‌ಮನ್ನರ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

"ಅವತ್ತು ರೈಲು ಎಷ್ಟು ಲೇಟು ಬಂತು ಗೊತ್ತೇನ್ರಿ?" ಎಂದರು, ತಿರುಗಿ ನೋಡದೆ. "ಐವತ್ತು ನಿಮಿಷ."

ಮ್ಯಾನೇಜರ್ ಆಗ ಮೊದಲ ಬಾರಿಗೆ ಕೆಳಗೆ ನೆತ್ತಿ ನೋಡಿದ.

"ಮೂವತ್ನಾಲ್ಕು ವರ್ಷ ಸೈರನ್ ಕೇಳಿ ತುತ್ತು ನುಂಗೀನ್ರಿ," ಎಂದರು ಅವರು. "ಅರ್ಧ ಗಂಟೆ ಊಟ. ಸೈರನ್ ಆತು ಅಂದ್ರೆ ಬಾಯಾಗಿದ್ದದ್ದು ಬಾಯಾಗೆ. ರಿಟೈರಾದ ದಿನ ನಮ್ಮ ಮನೆಯವಳಿಗೆ ಹೇಳಿದ್ದೆ, ಇನ್ಮೇಲೆ ವಾರಕ್ಕೊಂದು ದೋಸೆ ನಿಧಾನಕ್ಕೆ ತಿಂತೀನಿ, ಅಷ್ಟೇ ನನ್ನ ಆಸೆ ಅಂತ. ಅದಕ್ಕೂ ಒಂದು ಸೈರನ್ ಬಂದು ಹಿಂದೆ ನಿಂದ್ರಬೇಕಾ? ಅರ್ಧ ದೋಸೆಗೆ ಎಬ್ಬಿಸಿದೋರ ಮನೆ ಹೆಣ್ಣು ಹೆಂಗೆ ತರೋದು, ನೀವೇ ಹೇಳ್ರಿ."

ಎದ್ದು ಬಂದು ಕಾರು ಹತ್ತಿದೆವು. ಹರಿಹರ ಹಿಂದೆ ಬಿತ್ತು. ಆಮೇಲೆ ಸಾಹುಕಾರ, "ಆ ಫೋಟೊದಾಗೆ ಅಂಥಾದ್ದೇನಿತ್ತು?" ಎಂದು ಕೇಳಿದ.

ಮನೆ ಮುಟ್ಟಿದಾಗ ಮಗಳು ಬಾಗಿಲಲ್ಲೇ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ, ಕೂಗಲಿಲ್ಲ. ಅವರಪ್ಪನಿಗೆ ಅದೇ ಹೆಚ್ಚು ಭಯವಾಯಿತು.

"ಅಪ್ಪಾಜಿ, ಅವರ ಅರ್ಧ ದೋಸೆ ಅವರಿಗೆ ವಾಪಸ್ ಕೊಟ್ಟು ಬರ್ರಿ," ಎಂದಳಷ್ಟೆ.

೬. ಕಾವಲು

ಮುರಿದ ಮಾತು ಕೂಡಿಸುವುದು ಅಡತಿಯವನಿಗೆ ದಿನದ ಕೆಲಸ. ಸಾಹುಕಾರ ಎರಡು ಸಲ ಹರಿಹರಕ್ಕೆ ಹೋಗಿ ಬಂದ. ಕ್ಷಮೆ ಗಿಮೆ ಬೇಡ ಎಂದರಂತೆ ಫೋರ್‌ಮನ್. ಅದೇ ಹೋಟೆಲು, ಅದೇ ಕುರ್ಚಿ, ಭಾನುವಾರ ಒಂಬತ್ತು ಗಂಟೆ. ತಾನು ತಿಂದು ಮುಗಿಸುವವರೆಗೂ ಹಿಂದೆ ಒಬ್ಬರೂ ನಿಲ್ಲಕೂಡದು, ಕೆಮ್ಮಕೂಡದು. ಅಷ್ಟಾದರೆ ಸಂಬಂಧದ ಮಾತು.

ದಾವಣಗೆರೆಯಲ್ಲಿ ಭಾನುವಾರ ಒಂಬತ್ತಕ್ಕೆ ಇದನ್ನು ಕೇಳುವುದೂ ತುಂಗಭದ್ರೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಎನ್ನುವುದೂ ಒಂದೇ. ಮ್ಯಾನೇಜರ್ ಏಳಕ್ಕೇ ಹೋಗಿ ಆ ಕುರ್ಚಿಯಲ್ಲಿ ಕೂತ. ಎರಡು ಗಂಟೆಯಲ್ಲಿ ಐದು ಕಾಫಿ ಕುಡಿದ. ಹಿಂದೆ ನಿಂತವರು ಅವನ ಬಗ್ಗೆ ಆಡಿಕೊಂಡದ್ದನ್ನೆಲ್ಲ ತಲೆ ಬಗ್ಗಿಸಿ ಕೇಳಿದ. ಬ್ಯಾಂಕಿನಲ್ಲಿದ್ದಾಗ ಅಂಥ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ.

ಒಂಬತ್ತಕ್ಕೆ ಸರಿಯಾಗಿ ಫೋರ್‌ಮನ್ ಬಂದರು. ಮ್ಯಾನೇಜರ್ ಎದ್ದ, ಅವರು ಕೂತರು. ಹಿಂದೆ ಕಾಯುತ್ತಿದ್ದ ದಪ್ಪ ಮೀಸೆಯವನು ರೇಗಿದ.

"ಏನ್ರೀ ಇದು, ಮುಕ್ಕಾಲು ಗಂಟೆಯಿಂದ ನಿಂತೀನಿ."

"ಮಗಳ ಮದುವೆ ವಿಷಯ ರೀ," ಎಂದ ಮ್ಯಾನೇಜರ್.

ಏನು ಎತ್ತ ಎಂದು ಮೀಸೆಯವನು ವಿಚಾರಿಸಿದ. ಸಾಹುಕಾರ ವಿವರಿಸಿದ. ಎರಡು ನಿಮಿಷದಲ್ಲಿ ಸುದ್ದಿ ಹಂಚಿನವರೆಗೂ ಹೋಯಿತು. ನಮ್ಮೂರಿನ ಜನ ಕುರ್ಚಿಗಾಗಿ ಏನು ಬೇಕಾದರೂ ಮಾಡುತ್ತಾರೆ, ಆದರೆ ಮದುವೆ ಎಂದರೆ ಸ್ವಲ್ಪ ಸರಿದು ನಿಲ್ಲುತ್ತಾರೆ. ಮೀಸೆಯವನು ಮೂರು ಹೆಜ್ಜೆ ಹಿಂದೆ ಸರಿದ. ದೋಸೆ ಹಾಕುವವನು ಒಂದು ಉಂಡೆ ಬೆಣ್ಣೆ ಹೆಚ್ಚಿಗೆ ಇಟ್ಟು ಕಳಿಸಿದ.

ಮ್ಯಾನೇಜರ್ ಕುರ್ಚಿಯ ಹಿಂದೆ ಕಾವಲು ನಿಂತ. ಹೊಸಬರು ಬಂದಂತೆಲ್ಲ ಕೈ ಅಡ್ಡ ಹಿಡಿದ. ಯಾರೋ ಕೆಮ್ಮಿದರು. "ಕೆಮ್ಮು ಇದ್ರೆ ಡಾಕ್ಟ್ರ ಹತ್ರ ಹೋಗ್ರಿ," ಎಂದ. ಮೊದಲ ದೋಸೆ ಇಪ್ಪತ್ತು ನಿಮಿಷ. ಫೋರ್‌ಮನ್ ಎರಡನೇ ಸಲ ಚಟ್ನಿ ಹಾಕಿಸಿಕೊಂಡರು. ಮ್ಯಾನೇಜರ್ ಕಣ್ಣು ಮುಚ್ಚಿಕೊಂಡ. ಅವನ ಶಾಸ್ತ್ರ ಅಂದು ಕೈಕೊಡಲಿಲ್ಲ, ಇನ್ನೊಂದು ದೋಸೆ ಬಂತು. ಐದು ಕಾಫಿ ಕುಡಿದವನಿಗೆ ಅಷ್ಟು ಹೊತ್ತು ಒಂದೇ ಕಡೆ ನಿಲ್ಲುವುದು ಎಂಥ ಕಷ್ಟ ಎಂದು ನಾನು ವಿವರಿಸಬೇಕಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸುತ್ತಾ ನಿಂತ, ಕದಲಲಿಲ್ಲ.

ಕೊನೆಯ ಚೂರಿನಿಂದ ತಟ್ಟೆಯ ಬೆಣ್ಣೆಯನ್ನು ಬಳಿದು, ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು, ಫೋರ್‌ಮನ್ ನೀರು ಕುಡಿದರು. ಇಡೀ ಹೋಟೆಲು ಕತ್ತು ಚಾಚಿತು.

"ಒಪ್ಪಿಗೇನೇನ್ರಿ?" ಎಂದು ಮೀಸೆಯವನೇ ಕೇಳಿದ.

"ಆತು," ಎಂದರು. "ಶ್ರಾವಣದಾಗೆ ಒಂದು ದಿನ ನೋಡ್ರಿ." ಎದ್ದು ನಿಂತು, ಹಿಂದೆ ತಿರುಗಿ ಮ್ಯಾನೇಜರನ ಮುಖ ನೋಡಿ ಹೇಳಿದರು: "ಬರ್ರಿ ಬೀಗರೆ, ಈಗ ನೀವು ಕೂಡ್ರಿ. ನಿಧಾನಕ್ಕೆ ತಿನ್ರಿ."

ಮ್ಯಾನೇಜರನ ಕಣ್ಣು ತುಂಬಿತು. ಎರಡೂ ಕೈಯಲ್ಲಿ ಬೀಗರ ಎರಡೂ ಕೈ ಹಿಡಿದುಕೊಂಡ. ಸಾಹುಕಾರ ಮೂಗು ಒರೆಸಿಕೊಂಡ. ಮೀಸೆಯವನೂ ಆ ಕಡೆಯೇ ನೋಡುತ್ತಾ ನಿಂತಿದ್ದ. ಕುರ್ಚಿ ಹಿಡಿಯಲು ಯಾರ ಕೈಯೂ ಖಾಲಿ ಇರಲಿಲ್ಲ.

ನಾನು ಕೂತೆ.

ದೋಸೆ ಬಂತು. ಬಿಸಿಯಾಗಿತ್ತು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ಗಂಟಲಲ್ಲಿ ಎರಡು ಸಣ್ಣವು, ಎದೆಯಿಂದ ಒಂದು ದೊಡ್ಡದು.

ನಾನು ಎರಡನೇ ಸಲ ಚಟ್ನಿ ಹಾಕಿಸಿಕೊಂಡೆ.