ಶಾಖೆ ಒತ್ತಡ ನಿವಾರಣಾ ಪುಡಿ

ಬೇಸಿಗೆಯಲ್ಲಿ ಮೊಟ್ಟೆ ಕೋಳಿಗಳಿಗೆ ಶಾಖದ ಒತ್ತಡ ಉಂಟಾಗುವುದೆಂದೂ, ವಿಟಮಿನ್ ಪುಡಿಯಿಂದ ಅದನ್ನು ತಗ್ಗಿಸಬಹುದೆಂದೂ ಮೊಟ್ಟೆ ಅಭಿವೃದ್ಧಿ ಮಂಡಳಿ ಮನಗಂಡು ಆದೇಶ ಹೊರಡಿಸಿತು. ಬೆರಳಚ್ಚಿನಲ್ಲಿ 'ಶಾಖ'ಕ್ಕೆ ಒಂದು ಎತ್ವ ಹೆಚ್ಚಿಗೆ ಬಿದ್ದು 'ಶಾಖೆ' ಆಯಿತು, ಅಷ್ಟೇ. "ಶಾಖೆ ಒತ್ತಡ ನಿವಾರಣೆಗಾಗಿ ವಿಟಮಿನ್ ಪುಡಿಯನ್ನು ತಣ್ಣೀರಿನಲ್ಲಿ ಕದಡಿ ಕೊಡತಕ್ಕದ್ದು." ಯಾರಿಗೆ ಎಂದು ಬರೆದಿರಲಿಲ್ಲ. ಮೊಟ್ಟೆ ಮಂಡಳಿ ಕೋಳಿಗಲ್ಲದೆ ಇನ್ನಾರಿಗೆ ಕೊಟ್ಟೀತು ಎಂಬ ನಂಬಿಕೆಯಿತ್ತು.

ಪುಡಿ ಮಂಡಳಿಯ ಸ್ಥಳೀಯ ಶಾಖೆಗೆ ಬಂತು. ಅಲ್ಲಿ ಒತ್ತಡವಿದ್ದದ್ದೂ ನಿಜವೇ. ಶಾಖಾಧಿಕಾರಿಗಳು ಆದೇಶವನ್ನು ಕಣ್ಣಿಗೊತ್ತಿಕೊಂಡು, ದೇವರನ್ನು ನೆನೆದು ಮೊದಲ ಲೋಟ ಕುಡಿದರು. ಗುಮಾಸ್ತರು ಸೇವಾ ಹಿರಿತನದ ಪ್ರಕಾರ ಕುಡಿದರು.

ಇತ್ತ ಕೋಳಿ ಸಾಕಿಯೇ ಸಂಸಾರ ನಡೆಸುವ ಕೋಳಿಯಕ್ಕನ ಶೆಡ್ಡಿನಲ್ಲಿ ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಜೋತುಬಿಟ್ಟು ಏದುಸಿರು ಬಿಡುತ್ತಿದ್ದವು. ಮೊಟ್ಟೆಯ ಚಿಪ್ಪು ಬೆರಳು ತಾಗಿದರೆ ಒಡೆಯುತ್ತಿತ್ತು. ದಿನವೂ ಒಂದೆರಡು ಕೋಳಿ ಸಾಯುತ್ತಿದ್ದವು. ಆಕೆ ಶಾಖೆಗೆ ಓಡಿದಳು.

"ಸಾರ್, ಕೋಳಿ ಪುಡಿ ಬಂದಿದೆಯಂತಲ್ಲ?"

"ಬಂದಿದೆಯಮ್ಮ. ಕುಡೀತಾ ಇದ್ದೀವಿ," ಎಂದರು ಅಧಿಕಾರಿ, ಮೀಸೆ ಒರೆಸಿಕೊಂಡು.

"ನೀವಾ! ನೀವು ಮೊಟ್ಟೆ ಇಡ್ತೀರಾ?"

"ಇಡಬೇಕು ಅಂತ ಷರತ್ತಿಲ್ಲ. ಶಾಖೆಯಲ್ಲಿರಬೇಕು, ಒತ್ತಡ ಇರಬೇಕು. ನಿಮ್ಮ ಕೋಳಿ ಎಲ್ಲಿವೆ?"

"ಶೆಡ್ಡಲ್ಲಿ."

"ಅಲ್ಲೇ ಬಂತು ನೋಡಿ ತೊಡಕು."

"ಅದು ಶಾಖ ಸಾರ್! ಎತ್ವ ತಪ್ಪಿ ಬಿದ್ದಿದೆ."

"ಎತ್ವ ತೆಗೆಯೋ ಅಧಿಕಾರ ನಮಗಿಲ್ಲಮ್ಮ. ಮೇಲಿನವರು ಕೊಟ್ಟಿದ್ದನ್ನ ನಾವು ಕಿತ್ಕೊಳ್ಳೋದಾ?"

ಕೋಳಿಯಕ್ಕ ತುಸು ಯೋಚಿಸಿ, "ಸರಿ ಬಿಡಿ, ಶಾಖೆಗೇ ಕರ್ಕೊಂಡು ಬರ್ತೀನಿ," ಎಂದಳು.

ಮರುದಿನ ಕೋಳಿಗಳು ಗಾಡಿಯಿಂದಿಳಿದು ಒಳಗೆ ಬಂದವು. ತಡೆಯುವ ನಿಯಮ ಹುಡುಕಿದರು, ಸಿಗಲಿಲ್ಲ. ಕೋಳಿಗಳು ಮೇಜಿನ ಮೇಲೂ ಬೀರುವಿನಲ್ಲೂ ಫ್ಯಾನಿನ ಕೆಳಗೂ ಕೂತು ಪುಡಿಯ ನೀರು ಕುಡಿದವು. ಭಗವಂತನ ದಯೆ, ಕೆಲವೇ ದಿನಗಳಲ್ಲಿ ಉಸಿರು ಹದಕ್ಕೆ ಬಂತು, ಚಿಪ್ಪು ಗಟ್ಟಿಯಾಯಿತು. ಆಗ ಅಧಿಕಾರಿಗಳ ಕಣ್ಣು ಮೊಟ್ಟೆಗಳ ಮೇಲೆ ಬಿತ್ತು.

"ಕೋಳಿ ನಿಮ್ಮದೇ, ಯಾರು ಇಲ್ಲ ಅಂದ್ರು? ಆದ್ರೆ ಕಚೇರಿ ವೇಳೆಯಲ್ಲಿ ಇಟ್ಟ ಮೊಟ್ಟೆ ಶಾಖೆಗೆ ಸೇರುತ್ತಮ್ಮ."

"ಕಚೇರಿ ವೇಳೆ ಅಂದ್ರೆ?"

"ನಾವು ಬಂದು ಕೂತಮೇಲೆ."

"ಹಾಗಾದ್ರೆ ಸರಿ ಸಾರ್. ಇವು ಬೆಳಗ್ಗೇನೇ ಇಟ್ಟು ಮುಗಿಸ್ತಾವೆ. ನೀವು ಬರೋದು ಊಟದ ಹೊತ್ತಿಗೆ."

ಶಾಖೆಯವರು ಸಭೆ ಸೇರಿ ಕೂಲಂಕಷವಾಗಿ ಚರ್ಚಿಸಿದರು. ಬೇಗ ಬಂದರೆ ಮೊಟ್ಟೆ ಸಿಗುತ್ತಿತ್ತು. ಆದರೆ ಬೇಗ ಬರಬೇಕಾಗುತ್ತಿತ್ತು. ಮೊಟ್ಟೆಯ ಹಕ್ಕನ್ನು ಸರ್ವಾನುಮತದಿಂದ ಬಿಟ್ಟುಕೊಟ್ಟರು.

ಈಗ ಬೆಳಗಿನ ಹೊತ್ತು ಕೆಲಸದ ಮೇಲೆ ಬರುವ ಸಾರ್ವಜನಿಕರಿಗೆ ಅಧಿಕಾರಿಗಳ ಕುರ್ಚಿಯಲ್ಲಿ ಒಂದು ಕೆಂದು ಕೋಳಿ ಕಾಣುತ್ತದೆ. ಅದರ ಮುಂದೆ ಅರ್ಜಿಯಿಟ್ಟು, ಅದು ಎರಡು ಸಲ ಕತ್ತು ಆಡಿಸುವವರೆಗೆ ಕಾದು, ನಮಸ್ಕರಿಸಿ ಹೋಗುತ್ತಾರೆ. ಮೊದಲಿಗಿಂತ ಬೇಗ ಕೆಲಸವಾಗುತ್ತಿದೆ ಎಂಬುದು ಅವರ ಅಭಿಪ್ರಾಯ.