ಉಗುರಿನಷ್ಟು ರಾಜ್ಯ, ಮೊಳದಷ್ಟು ಮೀಸಿ

ಫಜೀತಿ ಅನ್ನೂವು ನನ್ನ ವಿಳಾಸ ಕೇಳ್ಕೋತ ಬರ್ತಾವ್ರಿ. ಮಂದಿ ಮೊಬೈಲಿನ್ಯಾಗ ಆಟ ಆಡ್ತಾರ, ಗೆಲ್ತಾರ, ಸೋಲ್ತಾರ, ಮಕ್ಕೋತಾರ. ನಾ ಆಡಿದ್ರ ಅದು ಮನಿ ತನಕ ಬರ್ತೈತಿ. ಸಣ್ಣ ರಾಜ್ಯ ಉಳಿಸ್ಕೊಳ್ಳೂದು ಹೆಂಗಂತ ಯಾರರ ಕೇಳಿದ್ರ ಹೇಳಾಕ ನನ್ನ ಹಂತ್ಯಾಕ ಒಂದಿಷ್ಟು ಪಾಠ ಅದಾವ. ಕೇಳ್ರಿ.

ಚೀಟಿ ಎತ್ತಿದ್ದು

ನಾ ಗೋವಾದ ಮುರ್ಮುಗಾಂವ್ ಬಂದರದಾಗ ಹಡಗಿನ ಮಾಲು ಏರಸೂದು ಇಳಸೂದು ಮಾಡೂ ಗ್ಯಾಂಗಿನ್ಯಾಗ ಅದೇನಿ. ಊರು ಇಂಡಿ ಕಡೆ, ಮನಿ ಝುವಾರಿನಗರದಾಗ. ಮಳಿಗಾಲದಾಗ ಕೆಲಸ ಸಡಲ. ಹಡಗಿನ ದಾರಿ ಕಾಯ್ಕೋತ ಕುಂತಾಗ ನಮ್ಮ ಗ್ಯಾಂಗಿಗೆ ಮೇಸ್ತ್ರಿ ಆಗಿದ್ದ ಮುಕಾದಮ ಎಲ್ಲಾರ ಮೊಬೈಲಿಗೂ ಒಂದು ಆಟ ಹಾಕಿಸಿದ. ಹಳೇ ಕಾಲದ ರಾಜರ ಆಟ. ನಕಾಶಿ, ದಂಡು, ಕ್ವಾಟಿ, ಕಣಜ ಎಲ್ಲಾ ಅದಾವ. ಯಾರಿಗೆ ಯಾವ ರಾಜ್ಯ ಅಂತ ಚೀಟಿ ಎತ್ತಿದ್ವಿ. ಚೀಟಿ ಬರದಾಂವನೂ ಮುಕಾದಮ, ಮಡಚಿದಾಂವನೂ ಮುಕಾದಮ. ಅರ್ಧಾ ನಕಾಶಿ ಅವಗ ಬಂತು. ದಕ್ಷಿಣದ ದೊಡ್ಡ ರಾಜ್ಯ, ನಮ್ಮ ಜೋಡಿ ಆಟಕ್ಕ ಸೇರಿದ್ದ ನಮ್ಮ ಓಣಿ ಟೆಂಪೋ ಭಾಯಿಗೆ ಬಂತು. ಇಬ್ಬರ ನಡುವ ಉಗುರಿನಷ್ಟು ಒಂದು ರಾಜ್ಯ ಇತ್ತು, ಚಾಳೀಸು ಹಾಕ್ಕೊಂಡ್ರ ಕಾಣತಿತ್ತು. ಅದು ನಂದು.

ಮುಕಾದಮ ನಕ್ಕ. "ಚವತಿ ಹಬ್ಬದ ತನಕ ನಿನ್ನ ರಾಜ್ಯ ಉಳೀತಂದ್ರ ನಾ ಮೀಸಿ ಬೋಳಸ್ತೇನಿ. ಮುಳುಗಿತಂದ್ರ ನೀ ಬೋಳಸಬೇಕು, ನೋಡು."

ಹತ್ತು ಮಂದಿ ಮುಂದ ಅಂದ್ಮ್ಯಾಲೆ ಹೂಂ ಅನ್ನಲಾರದ ಹೆಂಗ ಇರೂದ್ರಿ? ಅಂದೆ. ಆದ್ರ ನನ್ನ ಮೀಸಿ ಅಂತಿಂಥಾದ್ದಲ್ಲ. ಕನ್ಯಾ ನೋಡಾಕ ಹೋದಾಗ ಹುಡುಗಿ ನನ್ನ ಪಗಾರ ಕೇಳಲಿಲ್ಲ, ಮನಿ ಕೇಳಲಿಲ್ಲ, ಬಾಗಲಾ ಸಂದಿಲೆ ಮೀಸಿ ನೋಡಿ ಒಪ್ಪಿದ್ಲು.

ಮನಿಗೆ ಬಂದು ಹೇಣ್ತಿಗೆ ಹೇಳಿದೆ. "ಮುಕಾದಮರ ಜೋಡಿ ಶರ್ತಾ?" ಅಂದ್ಲು. "ಹೋಳಿಹುಣ್ಣಿವಿಗೆ ಹೋಳಗಿ ಹಾಕಿ ಕಳಿಸಿದ ನಮ್ಮ ಸ್ಟೀಲ್ ಬಟ್ಟಲಾ ಅವರ ಮನ್ಯಾಗಿಂದ ಇನ್ನೂ ಹೊಳ್ಳಿ ಬಂದಿಲ್ಲ. ನಿಮ್ಮ ಹೆಸರು ಕೆತ್ತಿಸಿದ್ದ ಬಟ್ಟಲಾ ಅದು."

"ಬಟ್ಟಲಾ ಇರಲಿ, ಮೀಸಿ ಹೋತಂದ್ರ?"

"ಮೀಸಿ ಇಲ್ಲದ ಬಂದ್ರ ನಾ ಬಾಗಲಾ ತಗಿಯಂಗಿಲ್ರೀ. ಯಾರೋ ಏನೋ, ಗುರುತಿಲ್ಲದ ಗಂಡಸು."

ಮೊದಲನೇ ಪಾಠ: ಬಗ್ಗಬೇಕು

ಸಣ್ಣ ರಾಜ್ಯದಾಂವ ಮೊದಲ ಕಲೀಬೇಕಾದ್ದು ಸಲಾಂ. ಆಟದಾಗ ಮುಕಾದಮಗ ದಿನಾ ಒಂದು ಪತ್ರ ಕಳಸಾಕ ಚಾಲೂ ಮಾಡಿದೆ. 'ಮಹಾಪ್ರಭುಗಳೇ, ತಮ್ಮ ಪಾದದ ಧೂಳಿ ನಾನು.' ಮುಕಾದಮಗ ಅದರ ರುಚಿ ಹತ್ತಿಬಿಡ್ತು. ಪತ್ರ ಸಾಲಲಿಲ್ಲ. ಚಾ ಕುಡೂ ಹೊತ್ತಿನ್ಯಾಗ ಖುರ್ಚಿ ಮ್ಯಾಲೆ ಕಾಲಮ್ಯಾಲೆ ಕಾಲ ಹಾಕಿ ಕುಂತು, "ಬಾಯಿಲೆ ಹೇಳು, ನಡಾ ಬಗ್ಗಿಸಿ ಹೇಳು" ಅಂತಿದ್ದ.

ಒಂದಿನ ನಾ ಹಂಗ ಬಗ್ಗಿ 'ಮಹಾಪ್ರಭು' ಅನ್ನೂದಕ್ಕೂ ಬಂದರದ ದೊಡ್ಡ ಸಾಹೇಬ್ರು ಹಿಂದ ಬಂದು ನಿಂದರೂದಕ್ಕೂ ಸರೀ ಆತು.

"ಯೇ ಕ್ಯಾ ಚಲ್ ರಹಾ ಹೈ?" ಏನ್ ನಡದೈತಿ ಇಲ್ಲೆ ಅಂತ ಗುಡುಗಿದ್ರು.

ಮುಕಾದಮ ಖುರ್ಚಿ ಬಿಟ್ಟು ಜಿಗದು ನಿಂತ. "ಕುಛ್ ನಹೀ ಸಾಬ್, ಕುಛ್ ನಹೀ ಸಾಬ್" ಅಂತ ಎಷ್ಟು ಬಗ್ಗಿದ ಅಂದ್ರ ಕಿಸೆದಾಗಿನ ತಂಬಾಕದ ಡಬ್ಬಿ ಸಾಹೇಬ್ರ ಬೂಟಿನ ಮ್ಯಾಲೆ ಬಿತ್ತು. ಅವರು ಹೋದ ಮ್ಯಾಲೆ ನಾ ಮೆತ್ತಗ ಅಂದೆ, "ಮಹಾಪ್ರಭು, ನನಕಿಂತ ನೀವ ಚಲೋ ಬಗ್ತೀರಿ ಬಿಡ್ರಿ."

ಎರಡನೇದ್ದು: ದೊಡ್ಡವರಿಗೆ ಜಗಳಾ ಹಚ್ಚಬೇಕು

ಎರಡು ಆನಿ ಗುದ್ದಾಡಾಕತ್ತಿದ್ರ ನಡುವಿನ ಇಲಿ ಕಡೆ ಯಾರೂ ನೋಡಂಗಿಲ್ಲ ಅಂತ ನನ್ನ ಲೆಕ್ಕ. ಟೆಂಪೋ ಭಾಯಿಗೆ "ಮುಕಾದಮ ನಿಮ್ಮ ಬಂದರದ ಮ್ಯಾಲೆ ಕಣ್ಣ ಹಾಕ್ಯಾನ ಭಾಯಿ" ಅಂದೆ. ಮುಕಾದಮಗ "ಭಾಯಿ ನಿನ್ನ ಕ್ವಾಟಿ ಗ್ವಾಡಿ ಎಣಸಾಕತ್ಯಾನ" ಅಂದೆ. ಎರಡ ದಿನದಾಗ ಯುದ್ಧ ಹತ್ಕೊಂತು. ನನ್ನ ರಾಜ್ಯ ತಣ್ಣಗ ಕುಂತಿತ್ತು.

ಆದ್ರ ಒಂದು ಮರತಿದ್ದೆ. ಮುಂಜಾನೆ ಮಳ್ಯಾಗ ನಮ್ಮ ಗ್ಯಾಂಗೆಲ್ಲಾ ಬಂದರಕ್ಕ ಹೋಗೂದು ಭಾಯಿ ಟೆಂಪೋದಾಗ. ಅವತ್ತು ಟೆಂಪೋ ನಮ್ಮ ಮುಂದ ಬಂತು, ನಿಂದರಲಿಲ್ಲ. ಭಾಯಿ ಕಿಟಕ್ಯಾಗ ಮಾರಿ ಹಾಕಿ ಒದರಿದ: "ದುಷ್ಮನ್ ಕೀ ಫೌಜ್ ಗಾಡೀ ಮೇ ನಹೀ ಬೈಠೇಗೀ!" ವೈರಿ ದಂಡಿಗೆ ಅವನ ಗಾಡ್ಯಾಗ ಜಾಗಾ ಇಲ್ಲಂತ.

"ಭಾಯಿ, ನಾ ಫೌಜ್ ಅಲ್ಲರೀ, ನಂದು ಬ್ಯಾರೆ ರಾಜ್ಯ!" ಅಂತ ಹಿಂದ ಓಡಿದೆ. ಯಾರ ಕೇಳ್ತಾರ? ರಾಜ್ಯ ಉಳೀತು, ಚಪ್ಪಲಿ ಹರೀತು.

ಮೂರನೇದ್ದು: ಎತ್ತರಕ್ಕ ಏರಬೇಕು

ನನ್ನ ಹೇಣ್ತಿ ಅಕ್ಕನ ಮನಿ ಗಣಿ ಕಡೆ, ಸಾಂಗೆ ಅನ್ನೂ ಊರಾಗ. ಆಕಿ ಗಂಡ ಮೊದಲ ಗಣಿ ಟಿಪ್ಪರ್ ಹೊಡೀತಿದ್ದ. ಅವರು ಎರಡು ಖೋಲಿ ಕಟ್ಟಿಸಿ ವಾಸ್ತುಶಾಂತಿ ಇಟ್ಕೊಂಡಿದ್ರು. ಮಾವನೋರು ಊರಿಂದ ಬಂದಿದ್ರು. ಪಂಕ್ತಿ ಕುಂತೇವಿ, ಎಲಿ ಮ್ಯಾಲೆ ಹೋಳಗಿ ಬಿದ್ದೈತಿ, ಆಗ ಮೊಬೈಲ್ ಒದರಿತು. ಹತ್ತ ನಿಮಿಷದಾಗ ಮುಕಾದಮನ ದಂಡು ನನ್ನ ಕ್ವಾಟಿಗೆ ಬರ್ತೈತಿ, ಅಗಸಿ ಬಾಗಲಾ ಮುಚ್ಚಬೇಕು. ಅಷ್ಟರಾಗ ನೆಟ್‌ವರ್ಕ್ ಹೋತು.

ಎಲಿ ಬಿಟ್ಟು ಎದ್ದೆ. ನಿಚ್ಚಣಿಕಿ ಹತ್ತಿ ಮಾಳಿಗಿ ಮ್ಯಾಲಿನ ನೀರಿನ ಟಾಕಿ ಮ್ಯಾಲೆ ಏರಿ, ಎಲ್ಲಾರಿಗೂ ಬೆನ್ನು ಕೊಟ್ಟು ಕುಂತೆ. ಕೆಳಗ ಗದ್ದಲ ಎದ್ದಿತು: "ಅಳಿಯಾರು ಎಲಿ ಬಿಟ್ಟು ಎದ್ದಾರ!" ಅಳಿಯಾ ಎಲಿ ಬಿಟ್ಟ ಅಂದ್ರ ನಮ್ಮ ಕಡೆ ಸಣ್ಣ ಮಾತೇನ್ರಿ? ಪಾಪ, ಮಾವನೋರು ಧೋತರಾ ಎತ್ಕೊಂಡು ನಿಚ್ಚಣಿಕಿ ಹತ್ತಿದ್ರು.

"ಏನ್ ತಪ್ಪಾತ್ರಿ ಅಳಿಯಾರ? ತುಪ್ಪಾ ಕಡಿಮಿ ಬಿತ್ತೇನು?"

ಮೊಬೈಲಿನ್ಯಾಗ ಅಗಸಿ ಬಾಗಲಾ ಅರ್ಧಾ ಮುಚ್ಚಿತ್ತು. ಬಾಯಿ ತಗಿಲಾರದ 'ತಡೀರಿ' ಅಂತ ಕೈ ಮಾಡಿದೆ. ಅವರು ಇನ್ನೂ ಹೆದರಿದ್ರು. ಬಾಗಲಾ ಪೂರಾ ಮುಚ್ಚಿ ನಾ ಇಳಿಯೂದ್ರಾಗ ಕೆಳಗ ನನ್ನ ಸಿಟ್ಟು ಇಳಸಾಕ ಶಾಲು, ತೆಂಗಿನಕಾಯಿ, ಹೊಸಾ ಟಾವೆಲ್ ತಾಟಿನ್ಯಾಗ ತಯಾರಾಗಿದ್ದುವು. ಖರೇ ಹೇಳಿದ್ರ ಮರ್ಯಾದಿ ಹೋಗ್ತಿತ್ತು. ಗಂಭೀರ ಮಾರಿ ಮಾಡಿ ಹೊದಿಸ್ಕೊಂಡೆ.

ಬಸ್ಸಿನ್ಯಾಗ ಹೇಣ್ತಿ ನನ್ನ ಕಿಸೆದಾಗಿನ ಮೊಬೈಲ್ ಒಮ್ಮೆ ನೋಡಿದ್ಲು, ಶಾಲು ಒಮ್ಮೆ ನೋಡಿದ್ಲು. "ಮುಂದಿನ ಸಲ ಇನ್ನಷ್ಟು ಮ್ಯಾಲೆ ಹತ್ರೀ. ನನಗೂ ಒಂದು ಸೀರಿ ಬರ್ತೈತಿ."

ಕಡೀ ಪಾಠ: ಬುಟ್ಟಿ ಖಾಲಿ ಕಳಸಬಾರದು

ಚವತಿಗೆ ಮೂರ ದಿನ ಉಳದಿತ್ತು. ಮುಕಾದಮ ಭಾಯಿ ಜೋಡಿ ರಾಜಿ ಮಾಡ್ಕೊಂಡು ಪೂರಾ ದಂಡು ತಂದು ನನ್ನ ಗಡಿ ಮ್ಯಾಲೆ ನಿಂದ್ರಿಸಿದ. ನನ್ನ ಸೈನ್ಯ ಎಣಿಸಾಕ ಎರಡು ಕೈ ಬೆರಳು ಸಾಕು. ಕಣಜ ಮಾತ್ರ ತುಂಬಿತ್ತು, ಕಾಳು ಕಾಳು ಕೂಡಿಸಿಟ್ಟಿದ್ದೆ. ಅವತ್ತ ಒಂದು ಹಡಗು ಬಂತು, ಇಬ್ಬರೂ ಹಗಲಪಾಳಿ. ಮೊಬೈಲ್ ಮನ್ಯಾಗ ಚಾರ್ಜಿಗೆ ಇಟ್ಟು ಹೋದೆ. ಮುಕಾದಮ ಗೇಟಿನ್ಯಾಗ ಮೀಸಿ ತಿರುವಿ ಅಂದ, "ಯುದ್ಧಕ್ಕ ಮೊದಲಿನ ಪದ್ಧತಿಯಂಗ ಹಣ್ಣು ಕೊಟ್ಟು ದೂತನ್ನ ಕಳಿಸೇನಿ. ಸಂಜಿಕ ನಿನ್ನ ಕ್ವಾಟಿ ಇರಂಗಿಲ್ಲ. ಕ್ಷೌರದಾಂವಗ ಹೇಳಿಡು."

ದಿನಾ ಪೂರ್ತಿ ಚೀಲ ಕಾಣಲಿಲ್ರಿ ನನಗ, ಬರೇ ಕತ್ತರಿ ಕಂಡ್ವು. ಕೈ ತಾನ ಮೀಸಿಗೆ ಹೋಗತಿತ್ತು.

ಸಂಜಿಕ ಗೇಟಿನ್ಯಾಗ ಮುಕಾದಮ ಮುಂಜಾನೆ ಜಮಾ ಮಾಡಿದ್ದ ತನ್ನ ಮೊಬೈಲ್ ಇಸ್ಕೊಂಡು ನೋಡಿದ, ಮಾರಿ ಇಳೀತು. 'ಮಿತ್ರ ರಾಜ್ಯ. ಹತ್ತು ದಿನ ಯುದ್ಧ ಮಾಡುವಂತಿಲ್ಲ.'

"ಇದೇನು ಮಾಟಾ ಮಾಡಿಸಿದ್ಯಲೇ?" ಅಂತ ನನ್ನ ಎಳಕೊಂಡ ಮನಿಗೆ ಬಂದ. ಮಾತು ಕೇಳಿ ಟೆಂಪೋ ಭಾಯಿನೂ ಬಂದ.

ಹೇಣ್ತಿ ಒಲಿ ಮುಂದಿಂದ ಎದ್ದು ಬಂದ್ಲು. "ಮೊಬೈಲ್ ಒಂದ ಸವನ ಒದರಾಕತ್ತಿತ್ರಿ ಅಣ್ಣಾರ. ನೋಡಿದ್ರ ನಿಮ್ಮ ಹೆಸರಿಲೆ ಒಂದು ಬುಟ್ಟಿ ಹಣ್ಣು ಬಂದಿತ್ತು. ಮಂದಿ ಮನಿ ಬುಟ್ಟಿ ಖಾಲಿ ಹೆಂಗ ಕಳಸೂದ್ರಿ? ನಮ್ಮಲ್ಲಿ ಹಣ್ಣಿರಲಿಲ್ಲ, ಕಾಳಿತ್ತು. ಹಸರು ಗುಂಡಿ ಒತ್ತಿ ಒತ್ತಿ ಬುಟ್ಟಿ ತುಂಬೂ ತನಕ ಹಾಕಿ ಕಳಿಸಿದೆ."

ಕಣಜ ಪೂರಾ ಬರಿದು ಮಾಡಿದ್ಲು! ಅಷ್ಟು ದೊಡ್ಡ ಕಾಣಿಕಿ ಕೊಟ್ಟವರ ಮ್ಯಾಲೆ ದಂಡೆತ್ತಂಗಿಲ್ಲ ಅಂತ ಆಟದಾಗ ಕಾನೂನೈತಿ ಅನ್ನೂದು ನನಗೂ ಗೊತ್ತಿರಲಿಲ್ಲ, ಆಕಿಗೂ ಗೊತ್ತಿರಲಿಲ್ಲ.

ಮುಕಾದಮ ತಕರಾರು ತಗದ. "ಶರ್ತು ಇವನ ಜೋಡಿ. ಆಡಿದಾಕಿ ಇವನ ಹೇಣ್ತಿ."

ಭಾಯಿ ತಲಿ ಅಲ್ಲಾಡಿಸಿದ. "ರಾಜ್ಯ ಉಳೀಲಿಲ್ಲೇನು? ಉಳೀತು. ಉಳಿಸಿದಾಕಿ ರಾಣಿ. ನಿನ್ನ ಮೀಸಿ ಏನ್ ಮಾಡಬೇಕು ರಾಣಿನ ಹೇಳ್ತಾಳ."

ಮುಕಾದಮ ಎರಡೂ ಕೈಲೆ ಮೀಸಿ ಮುಚ್ಕೊಂಡ. ಹೇಣ್ತಿ ಅವನ ಮಾರಿ ನೋಡಿದ್ಲು. "ನಿಮ್ಮ ಮೀಸಿ ತಗೊಂಡು ನಾ ಏನ್ ಮಾಡ್ಲಿರಿ ಅಣ್ಣಾರ? ಹೋಳಿಹುಣ್ಣಿವಿ ಬಟ್ಟಲಾ ಕೊಡ್ರಿ ಸಾಕು. ಖಾಲಿ ಕೊಡಬ್ಯಾಡ್ರಿ ಮತ್ತ."

ಚವತಿ ದಿನ ಮುಕಾದಮ ಮೀಸಿಗೆ ಎಣ್ಣಿ ಹಚ್ಕೊಂಡು ಬಂದ. ನನ್ನ ಹೆಸರಿನ ಬಟ್ಟಲಾ ತುಂಬ ಕಡಬು. ಹಿಂದ ಅವನ ಹೇಣ್ತಿ, ಆಕಿ ಹಿಂದ ಗ್ಯಾಂಗಿನ ಇಬ್ಬರು ಹಿಡ್ಕೊಂಡು ಬಂದ ದೊಡ್ಡ ಪಾತ್ರಿ, ಬೋಗಾಣಿ, ಅದರ ತುಂಬ ಗೋದಿ ಹುಗ್ಗಿ.

"ಬಟ್ಟಲಾ ನಿಮ್ದು, ತಗೋರಿ ತಂಗಿ," ಅಂದ. "ಬೋಗಾಣಿ ನಮ್ದು. ಅವಸರಿಲ್ಲ, ಬರೂ ಹಬ್ಬಕ್ಕ ಕಳಸ್ರಿ." ಮೀಸಿ ತಿರುವಿ ಹೋಗಿಬಿಟ್ಟ.

ನಾ ಖುಷಿಲೆ ನನ್ನ ಮೀಸಿ ಸವರಾಕತ್ತಿದ್ದೆ. ಹೇಣ್ತಿ ಆ ಬೋಗಾಣಿ ಸುತ್ತ ಒಂದು ಸುತ್ತು ಬಂದ್ಲು, ಒಳಗ ಸೌಟು ಇಳಿಸಿ ಆಳ ನೋಡಿದ್ಲು.

"ರೀ, ಮೀಸಿ ಬಿಡ್ರಿ. ಇದು ತುಂಬುವಷ್ಟು ಹೋಳಗಿ ಆಗಬೇಕಂದ್ರ ಇವತ್ತಿಂದ ಬ್ಯಾಳಿ ಆರಸಾಕ ಕುಂದರಬೇಕು ನೀವು."