ಪಾಳಿಗಿಟ್ಟ ಕಲ್ಲು

ತುಳಜಾಬಾಯಿಗೆ ಒಂದು ರೂಢಿ. ತಂಬಿಗೆ ಇರಲಿ, ರೊಟ್ಟಿಯ ಗಂಟಿರಲಿ, ಏನನ್ನೇ ಕೆಳಗಿಟ್ಟರೂ ಅದಕ್ಕೊಂದು ಚಿಟಿಕೆ ಭಂಡಾರ ಹಚ್ಚುವಳು. ಬೀರೋಬ ದೇವರ ಆ ಅರಿಸಿನ ಕಂಡ ಮೇಲೆ ಚಪಳಗಾಂವದಲ್ಲಿ ಆ ವಸ್ತುವನ್ನು ಯಾರೂ ಮುಟ್ಟುತ್ತಿರಲಿಲ್ಲ.

೧೯೮೬ರಲ್ಲಿ, ಕಣ್ಣು ಮಂಜಾಗಿ ಉಣ್ಣೆ ನೂಲುವುದು ನಿಂತಾಗ, ಆಕೆ ದಿಕ್ಕಿಲ್ಲದವರಿಗೆ ಸರಕಾರ ಕೊಡುವ ನಿರಾಧಾರ ಪಗಾರಕ್ಕೆ ಅರ್ಜಿ ಹಾಕಿದಳು. ಒಲೆ ಹೊತ್ತಲು ಬೇರೆ ದಾರಿ ಇರಲಿಲ್ಲ. ಅಕ್ಕಲಕೋಟದಿಂದ ತನಿಖೆಗೆ ಬಂದ ಸಾಹೇಬರಿಗೆ ಅಂಗಳದ ನೆರಳಿನಲ್ಲಿ ಒಂದು ಕುರಿ ಕಂಡಿತು. ಕುರಿ ಪಕ್ಕದ ಮನೆಯ ಹಣಮಂತಪ್ಪನದು. ಆದರೆ ನೆರಳು ಆಕೆಯದೇ ಆದ್ದರಿಂದ 'ಪಶುಸಂಪತ್ತು ಉಳ್ಳವರು' ಎಂದು ಬರೆದು ಅರ್ಜಿಯನ್ನು ತಳ್ಳಿಹಾಕಲಾಯಿತು. ಕುರಿಯ ಹೇಳಿಕೆ ಪಡೆಯುವ ಅವಕಾಶ ನಿಯಮದಲ್ಲಿರಲಿಲ್ಲ.

ಅಪೀಲು ಸೊಲ್ಲಾಪುರದಲ್ಲಿ. ಅಲ್ಲಿ ಪಾಳಿ ತಿಂಗಳುಗಟ್ಟಲೆ ಇರುತ್ತಿದ್ದುದರಿಂದ ಜನ ಪಡಸಾಲೆಯಲ್ಲಿ ತಮ್ಮ ಹೆಸರಿಗೊಂದು ಕಲ್ಲಿಟ್ಟು ಊರಿಗೆ ಹೋಗುತ್ತಿದ್ದರು. ಕಲ್ಲಿದ್ದವರು ಹಾಜರಿದ್ದಂತೆ ಎಂಬ ಆದೇಶವೂ ಇತ್ತು. ಪ್ರತಿ ಸೋಮವಾರ, ಎಷ್ಟು ಅಪೀಲು ಮುಗಿದವೋ ಅಷ್ಟು ಜಾಗ, ಶಿಪಾಯಿ ಕಾಲಿನಿಂದ ಕಲ್ಲುಗಳನ್ನು ಮುಂದೆ ಸರಿಸುವನು. ತುಳಜಾಬಾಯಿ ತನ್ನೂರ ಹಳ್ಳದ ಕಲ್ಲಿಟ್ಟಳು, ರೂಢಿಯಂತೆ ಭಂಡಾರವನ್ನೂ ಹಚ್ಚಿದಳು. ಹನ್ನೊಂದು ತಿಂಗಳಲ್ಲಿ ಕಲ್ಲು ಎಲ್ಲಕ್ಕಿಂತ ಮುಂದಾಗಿ, ಗುಮಾಸ್ತರ ಕಿಟಕಿಗೆ ಇನ್ನೊಂದೇ ಗೇಣು ಉಳಿಯಿತು.

ಮುಂದಿನ ಸೋಮವಾರ, ಅರಿಸಿನದ ಗೊಡವೆಗೇ ಹೋಗದ ಹಳೆಯ ಶಿಪಾಯಿಗೆ ವರ್ಗವಾಗಿ, ಬೀರೋಬನ ಒಕ್ಕಲಾದ ಹನ್ನೂರಿನ ಬೀರಣ್ಣ ಬಂದಿದ್ದ. ಕಾಲೆತ್ತಿದವನು ಅರಿಸಿನ ಕಂಡು ಹಾಗೇ ನಿಂತ. ಕಾಲಿಳಿಸಿ ಗಲ್ಲ ಗಲ್ಲ ಬಡಿದುಕೊಂಡ.

"ಯಾಕೋ ನಿಂತಿ? ಕಲ್ಲು ಸರಸು," ಎಂದರು ಗುಮಾಸ್ತ ಶಾಂತಲಿಂಗಪ್ಪನವರು.

"ದೇವ್ರಿಗಿ ಕಾಲು ಹೆಂಗ ಹಚ್ಚಲ್ರಿ ಸಾಹೇಬ್ರ? ಬೇಕಾದ್ರ ನೀವ ಹಚ್ಚರಿ."

ಶಾಂತಲಿಂಗಪ್ಪನವರಿಗೆ ಒಳಗೆ ತುರ್ತು ಫೈಲೊಂದು ನೆನಪಾಯಿತು.

ಮರುದಿನ ಗೋಡೆಯ ಮೇಲೆ ಸೂಚನೆ ಬಂತು: 'ಭಂಡಾರವುಳ್ಳ ಕಲ್ಲನ್ನು ಕಾಲಿನಿಂದಾಗಲಿ, ಕೈಯಿಂದಾಗಲಿ, ಲಿಖಿತ ಆದೇಶದಿಂದಾಗಲಿ ಸರಿಸತಕ್ಕದ್ದಲ್ಲ. ಅದನ್ನು ದಾಟಿ ಹೋಗತಕ್ಕದ್ದೂ ಅಲ್ಲ.'

ಪಾಳಿಯಲ್ಲಿ ಆಕೆಯ ಹಿಂದಿದ್ದ ನಲವತ್ತು ಮಂದಿ ಇದನ್ನು ಓದಿಸಿಕೊಂಡು, ತಮ್ಮ ಕಲ್ಲೂ ಜಾಗ ಕಳೆದುಕೊಳ್ಳದಿರಲೆಂದು ಒಂದೇ ವಾರದಲ್ಲಿ ಎಲ್ಲದಕ್ಕೂ ಭಂಡಾರ ಬಳಿದರು. ಪಡಸಾಲೆ ಹಳದಿಯಾಯಿತು. ತಿಂಗಳ ವರದಿಯಲ್ಲಿ ಶಾಂತಲಿಂಗಪ್ಪನವರು ನಿಷ್ಠೆಯಿಂದ ಬರೆದರು: 'ಬಾಕಿ ಅಪೀಲು: ಇಲ್ಲ. ದೇವರು: ನಲವತ್ತೊಂದು.' ಬಾಕಿಯನ್ನು ಪೂರ್ತಿ ಇಳಿಸಿದ್ದಕ್ಕೆ ಮೇಲಿನಿಂದ ಪ್ರಶಂಸಾಪತ್ರ ಬಂತು. ಜೊತೆಗೆ, ಉಳಿದ ಕಚೇರಿಗಳಿಗೆ ಎಷ್ಟು ಕಿಲೋ ಭಂಡಾರ ಬೇಕಾದೀತು ಎಂಬ ವಿಚಾರಣೆಯೂ ಬಂತು.

ತುಳಜಾಬಾಯಿ ಬಸ್ಸಿಳಿದು ಬಂದಾಗ ತನ್ನ ಕಲ್ಲಿನ ಮುಂದೆ ಊದಿನಕಡ್ಡಿ ಉರಿಯುತ್ತಿತ್ತು.

"ಸಾಹೇಬ್ರ, ಅದು ನನ್ನ ಕಲ್ಲ್ರೀ. ನಮ್ಮ ಹಳ್ಳದಾಗಿಂದು."

"ಹಂಗನಬಾರದು ಆಯಿ. ದೇವ್ರಿಗಿ ಮಾಲಕರು ಇರಂಗಿಲ್ಲ."

"ಮತ್ತ ನನ್ನ ಪಾಳಿ?"

"ಪಾಳಿಗಿ ಕಲ್ಲು ಬೇಕು. ಹೊಸಾದು ತಂದು ಕಡೀಕ, ಎಲ್ಲಾರ ಹಿಂದ ಇಡ್ರಿ."

"ಅದು ಮುಂದ ಬರೋದು ಯಾವಾಗ್ರಿ?"

"ಮುಂದ ದೇವ್ರ ಅದಾನಲ್ಲ. ಅವ ಸರದ್ರ ಎಲ್ಲಾ ಸರೀತಾವ," ಎಂದು ಶಾಂತಲಿಂಗಪ್ಪನವರು ಕಿಟಕಿಯಿಂದಲೇ ಕೈಮುಗಿದರು.

ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ತುಳಜಾಬಾಯಿ ಚಪ್ಪಲಿ ಕಳೆದಿಟ್ಟು, ರೂಢಿಯಂತೆ ಅವಕ್ಕೂ ಭಂಡಾರ ಹಚ್ಚಿದಳು. ಬೀರಣ್ಣ ತಟ್ಟನೆ ಅವಕ್ಕೂ ಕೈಮುಗಿದ. ಆಕೆ ಸೆರಗು ಹೊದ್ದು ಕಲ್ಲಿನ ಮುಂದೆ ಕೂತು, ಯಾರಿಗೂ ಕೇಳದಂತೆ ಬಗ್ಗಿ ಹೇಳಿದಳು:

"ಒಂದ ಗೇಣು ಸರಿಯೋ ನನ್ನಪ್ಪಾ. ಬರೇ ಒಂದ ಗೇಣು."